ದೇವದುರ್ಗದಿಂದ ಎಷ್ಟು ತಾಸು?



ನಮ್ಮ ಸೀಮೆಯಲ್ಲಿ ಯಾರಾದರೂ ದೂರ ಕೇಳಿದರೆ ನಾವು ತಾಸಿನಲ್ಲಿ ಹೇಳುತ್ತೇವೆ. ಮಾನ್ವಿಯಿಂದ ರಾಯಚೂರಿಗೆ ಒಂದು ತಾಸು, ದೇವದುರ್ಗದಿಂದ ಒಂದೂವರೆ ತಾಸು, ರಾಯಚೂರಿನಿಂದ ಬೆಂಗಳೂರಿಗೆ ಒಂದು ರಾತ್ರಿ. ಕಿಲೋಮೀಟರಿನ ಕಲ್ಲು ರಸ್ತೆ ಬದಿಗೆ ಇದ್ದೇ ಇರುತ್ತದೆ. ಬಸ್ಸಿನಲ್ಲಿ ಕೂತವರಿಗೆ, ಮನೆಯಲ್ಲಿ ದಾರಿ ಕಾಯುವವರಿಗೆ ಬೇಕಾದದ್ದು ಮಾತ್ರ ಯಾವಾಗ ಮುಟ್ಟುತ್ತೇವೆ ಎಂಬುದು. ಈಗ ನಮ್ಮ ಮಕ್ಕಳು ಕ್ಯಾಲಿಫೋರ್ನಿಯಾಕ್ಕೆ ಓದಲು, ದುಬೈಗೆ ದುಡಿಯಲು ಹೋಗುತ್ತಾರೆ. ಹಿರಿಯರು ಜೆಡ್ಡಾದಲ್ಲಿ ಇಳಿದು ಹಜ್ ಮಾಡಿ ಬರುತ್ತಾರೆ. ಕಟ್ಟೆಯ ಮೇಲೆ ಕೂತ ಅಜ್ಜಿ ಕೇಳುವ ಮಾತು ಮಾತ್ರ ಹಳೆಯದೇ: "ಎಷ್ಟು ದೂರ ಐತಿ? ಎಷ್ಟು ತಾಸಿಗೆ ಮುಟ್ತಾನ?"

ಈ ಎರಡು ಪ್ರಶ್ನೆಗೂ ಒಂದೇ ಉತ್ತರ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಬದಲಾಗುವುದಿಲ್ಲ. ಪಯಣದ ಹೊತ್ತು ಮಾತ್ರ ಹೋಗುವ ದಿಕ್ಕು, ಬೀಸುವ ಗಾಳಿ, ಋತು, ದೇಶ ದೇಶಗಳ ನಡುವಿನ ಜಗಳ ಎಲ್ಲಕ್ಕೂ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕಿಂತ ಹೆಚ್ಚಾಗಿ, ದೇವದುರ್ಗ ಮಾನ್ವಿಗಳಂಥ ಊರಿನವರಿಗೆ ಪಯಣದ ದೊಡ್ಡ ಪಾಲು ಆಕಾಶದಲ್ಲಿ ನಡೆಯುವುದೇ ಇಲ್ಲ. ಈ ಮೂರು ಮಾತನ್ನು ಬಿಡಿಸಿ ಹೇಳಬೇಕೆಂದು ಬಂದಿದ್ದೇನೆ.

ಮೊದಲು ದೂರದ ಮಾತು. ಗೋಡೆಗೆ ತೂಗುಹಾಕಿದ ಜಗತ್ತಿನ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ಗೆರೆ ಎಳೆದು ನೋಡಿ. ಗೆರೆ ಅರಬ್ಬಿ ಸಮುದ್ರ ಹಾಯ್ದು, ಆಫ್ರಿಕಾದ ಮೇಲೆ ಸಾಗಿ, ಅಟ್ಲಾಂಟಿಕ್ ದಾಟಿ, ಅಮೆರಿಕದ ಉದ್ದಗಲ ಕಳೆದು ಪಶ್ಚಿಮ ದಂಡೆಗೆ ಮುಟ್ಟುತ್ತದೆ. ಇದು ಕಾಗದದ ಮೇಲಿನ ದಾರಿ. ಭೂಮಿ ಕಾಗದದಂತೆ ಚಪ್ಪಟೆಯಾಗಿಲ್ಲವಲ್ಲ. ಶಾಲೆಯಲ್ಲಿ ಮೇಜಿನ ಮೇಲಿಡುವ ಭೂಗೋಲ ಇರುತ್ತದೆ. ಕೇಳುತ್ತಿರುವ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ನಾಳೆ ತರಗತಿಯಲ್ಲಿ ಆ ಗೋಲವನ್ನೂ ಒಂದು ದಾರವನ್ನೂ ಮಕ್ಕಳ ಕೈಗೆ ಕೊಡಿ. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಲು ಹೇಳಿ. ದಾರ ಆಫ್ರಿಕಾದ ಕಡೆ ಸುಳಿಯುವುದೇ ಇಲ್ಲ. ಬೆಂಗಳೂರಿನಿಂದ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಹೊರಟು ನೇಪಾಳ, ಟಿಬೆಟ್, ಮಂಗೋಲಿಯಾ ಹಾಯ್ದು, ಸೈಬೀರಿಯಾದ ಹಿಮದ ಅಂಚನ್ನು ಸವರಿ, ಅಲಾಸ್ಕದ ಮೇಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾಕ್ಕೆ ಬರುತ್ತದೆ. ಅದೇ ದಾರವನ್ನು ಸಮಭಾಜಕ ವೃತ್ತದ ಸುತ್ತ ಹಿಡಿದು ಅಳೆದರೆ ಒಂದು ಪೂರ್ತಿ ಸುತ್ತು ಸುಮಾರು 40,000 ಕಿಲೋಮೀಟರ್. ನಮ್ಮ ದಾರ ಅದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಂದರೆ ಹತ್ತಿರ ಹತ್ತಿರ 14,000. ಏರ್ ಇಂಡಿಯಾ ಈ ಎರಡು ನಿಲ್ದಾಣಗಳ ನಡುವಿನ ನೇರ ದೂರವೆಂದು ಹೇಳಿದ ಅಂಕಿ 13,993 ಕಿಲೋಮೀಟರ್. ಒಂದು ಮೊಳ ದಾರದಿಂದ ಹಳ್ಳಿ ಶಾಲೆಯ ಹುಡುಗಿ ಇಷ್ಟು ಹತ್ತಿರದ ಲೆಕ್ಕ ತೆಗೆಯಬಲ್ಲಳು ಎಂಬುದು ನನಗೆ ಬಹಳ ಸಂತೋಷದ ಸಂಗತಿ.

ಇಷ್ಟು ತಿಳಿದ ಮೇಲೆ ಸಮಯ ಸುಲಭ ಎನ್ನಿಸುತ್ತದೆ. ದೊಡ್ಡ ಜೆಟ್ ವಿಮಾನ ತಾಸಿಗೆ ಸುಮಾರು 900 ಕಿಲೋಮೀಟರ್ ಓಡುತ್ತದೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ತಾಸು. ಏರುವುದಕ್ಕೆ, ಇಳಿಯುವುದಕ್ಕೆ, ನೆಲದ ಮೇಲೆ ಉರುಳುವುದಕ್ಕೆ ಅರ್ಧ ತಾಸು ಕೂಡಿಸಿ, 16 ಎನ್ನಿ. ಏರ್ ಇಂಡಿಯಾದ ನೇರ ವಿಮಾನಕ್ಕೆ ಬೆಂಗಳೂರಿನಿಂದ ಅತ್ತ ಹೋಗುವಾಗ ಹೆಚ್ಚುಕಡಿಮೆ ಇಷ್ಟೇ ಹಿಡಿಯುತ್ತಿತ್ತು. ಇತ್ತ ಬರುವಾಗ ಮಾತ್ರ 17 ತಾಸೂ ಮೀರುತ್ತಿತ್ತು. ದೂರ ಅದೇ, ವಿಮಾನ ಅದೇ. ಹಾಗಾದರೆ ಒಂದು ತಾಸಿಗೂ ಮಿಕ್ಕಿದ ಈ ವ್ಯತ್ಯಾಸ ಎಲ್ಲಿಂದ ಬಂತು?

ಗಾಳಿಯಿಂದ. ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ಪಟ್ಟಿಗಳಿವೆ. ಕನ್ನಡದಲ್ಲಿ ಇವಕ್ಕೆ ಜೆಟ್ ಪ್ರವಾಹ ಎನ್ನುತ್ತಾರೆ. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಇಶಿ ಬಲೂನುಗಳನ್ನು ಬಿಟ್ಟು ಈ ಗಾಳಿಯ ವೇಗವನ್ನು ಅಳೆದರು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆಯೇ ಇಂಥದೊಂದು ಪಟ್ಟಿ ಹರಿಯುತ್ತಿರುತ್ತದೆ. ಅದರ ವೇಗ ತಾಸಿಗೆ 200 ಕಿಲೋಮೀಟರ್ ದಾಟುವುದು ಅಪರೂಪವೇನಲ್ಲ. ಬೆನ್ನಿಗೆ ಈ ಗಾಳಿ ಬಿದ್ದರೆ 900ರ ವಿಮಾನ ನೆಲದ ಲೆಕ್ಕದಲ್ಲಿ ಸಾವಿರ ದಾಟಿ ಓಡುತ್ತದೆ. ಎದೆಗೆ ಬಂದರೆ 700ಕ್ಕೆ ಇಳಿಯುತ್ತದೆ. ತುಂಬಿದ ಕೃಷ್ಣೆಯಲ್ಲಿ ಹರಿಗೋಲು ಹಾಕಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗಾಳಿ ಎಷ್ಟು ದೊಡ್ಡ ಯಜಮಾನ ಎಂಬುದಕ್ಕೆ 2016ರ ಅಕ್ಟೋಬರಿನ ಒಂದು ಹಾರಾಟವನ್ನು ನೆನೆಯಬೇಕು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಮಾರ್ಗವಾಗಿ, ಪಶ್ಚಿಮಕ್ಕೆ ಮುಖಮಾಡಿ ಹೋಗುತ್ತಿತ್ತು. ಆ ದಾರಿ ಸುಮಾರು 13,900 ಕಿಲೋಮೀಟರ್. ಆ ತಿಂಗಳು ಅವರು ದಿಕ್ಕನ್ನೇ ಬದಲಿಸಿದರು. ಪೂರ್ವಕ್ಕೆ ಹೊರಟು ಪೆಸಿಫಿಕ್ ಸಾಗರ ದಾಟಿದರು. ಆ ದಾರಿ 15,300 ಕಿಲೋಮೀಟರ್, ಮೊದಲಿನದಕ್ಕಿಂತ 1,400 ಹೆಚ್ಚು. ಮುಟ್ಟಿದ್ದು ಮಾತ್ರ ಹದಿನಾಲ್ಕೂವರೆ ತಾಸಿಗೆ, ಮೊದಲಿಗಿಂತ ಸುಮಾರು ಎರಡು ತಾಸು ಮುಂಚೆ. ದಾರಿ ಉದ್ದವಾಯಿತು, ಹೊತ್ತು ಕಡಿಮೆಯಾಯಿತು. ಭೂಮಿಯೂ ಆ ದಿಕ್ಕಿಗೇ ತಿರುಗುತ್ತದೆ, ಅದರ ಬೆನ್ನೇರಿ ಹೋದರು ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಭೂಮಿ ತಿರುಗುವಾಗ ತನ್ನ ಗಾಳಿಯನ್ನೂ ಗಾಳಿಯೊಳಗಿನ ವಿಮಾನವನ್ನೂ ಒಟ್ಟಿಗೇ ಒಯ್ಯುತ್ತದೆ. ಅವರಿಗೆ ಸಿಕ್ಕಿದ್ದು ಬೆನ್ನಿನ ಗಾಳಿ ಮಾತ್ರ.

ನಮ್ಮ ನೆತ್ತಿಯ ಮೇಲಿನ ಗಾಳಿಯ ಕಥೆ ಬೇರೆಯೇ ಇದೆ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ, ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಗಾಳಿ ತಿರುಗಿಬೀಳುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಹೊಲದಲ್ಲಿ ನಿಂತು ಮೋಡ ನೋಡುವ ನಮ್ಮ ರೈತರಿಗೆ ನೈರುತ್ಯದ ಕೆಳಗಾಳಿ ಗೊತ್ತು, ಮೇಲೆ ಅದಕ್ಕೆ ಎದುರಾಗಿ ಇನ್ನೊಂದು ಗಾಳಿ ಹರಿಯುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ. ಈ ಪೂರ್ವದ ಜೆಟ್ ಪ್ರವಾಹವನ್ನು ಕಂಡುಹಿಡಿದು 1950ರ ದಶಕದಲ್ಲಿ ಜಗತ್ತಿಗೆ ವಿವರಿಸಿದವರು ನಮ್ಮವರೇ, ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಹೈದರಾಬಾದಿನಿಂದ ದುಬೈಗೆ 2,550 ಕಿಲೋಮೀಟರ್, ಜೆಡ್ಡಾಕ್ಕೆ ಸುಮಾರು 4,100. ವರುಷದ ಹೆಚ್ಚಿನ ಕಾಲ ಈ ದಾರಿಯಲ್ಲಿ ಹೋಗುವ ಪಯಣಕ್ಕಿಂತ ಬರುವ ಪಯಣ ಅರ್ಧ ತಾಸು, ಮುಕ್ಕಾಲು ತಾಸು ಚುರುಕು. ಮಳೆಗಾಲದಲ್ಲಿ ಆ ಅಂತರ ಕಿರಿದಾಗುತ್ತದೆ. ನಮ್ಮ ಜೋಳದ ಹೊಲಕ್ಕೆ ಮಳೆ ತರುವ ವ್ಯವಸ್ಥೆಯ ಒಂದು ತುದಿ ಮಗನ ವಿಮಾನದ ಟಿಕೆಟ್ಟಿನ ಮೇಲೂ ತನ್ನ ಗುರುತು ಬಿಟ್ಟಿರುತ್ತದೆ.

ಮತ್ತೆ ಬೆಂಗಳೂರಿಗೆ ಬರೋಣ. 2021ರ ಜನವರಿ 9, ಶನಿವಾರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊಟ್ಟಮೊದಲ ನೇರ ವಿಮಾನ ಹೊರಟಿತು. ಬೋಯಿಂಗ್ 777-200ಎಲ್‌ಆರ್. ಚಾಲಕರ ಕೋಣೆಯಲ್ಲಿದ್ದವರೆಲ್ಲ ಹೆಣ್ಣುಮಕ್ಕಳು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು, ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಅವರು ದಾರದ ದಾರಿ ಹಿಡಿಯಲಿಲ್ಲ, ಉತ್ತರ ಧ್ರುವದ ಮೇಲೆ ಹಾಯ್ದು ಬಂದರು. ಹಾಗಾಗಿ ನೇರ ಗೆರೆಯಲ್ಲಿ 14,000 ಇದ್ದ ದೂರ, ಹಾರುವಾಗ 16,000ದ ಆಸುಪಾಸಿಗೆ ಬಂತೆಂದು ಆಗ ವರದಿಯಾಯಿತು. ಸುತ್ತು ಯಾಕೆ? ನಮ್ಮ ದಾರದ ಮೇಲೆ ಬಂದಿದ್ದರೆ ಪೂರ್ವದಿಂದ ಪಶ್ಚಿಮಕ್ಕೆ ಸಾಗುವ ಉದ್ದಕ್ಕೂ ಜೆಟ್ ಪ್ರವಾಹ ಎದೆಗೆ ಬಡಿಯುತ್ತಿತ್ತು. ಧ್ರುವದ ಹತ್ತಿರ ಆ ಗಾಳಿಯ ಕಾಟ ಕಡಿಮೆ. ಇನ್ನೊಂದು ಕಾರಣ ಟಿಬೆಟ್. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಏನಾದರೂ ಕುಸಿದರೆ, ಜನ ಉಸಿರಾಡಬಲ್ಲ ಮೂರು ಕಿಲೋಮೀಟರ್ ಎತ್ತರಕ್ಕೆ ತಡಮಾಡದೆ ಇಳಿಯಬೇಕು. ಟಿಬೆಟ್ಟಿನ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲ. ಅದಕ್ಕಾಗಿ ವಿಮಾನಗಳು ಸಾಧ್ಯವಾದಷ್ಟು ಆ ಪ್ರಸ್ಥಭೂಮಿಯನ್ನು ಬಳಸಿ ಹೋಗುತ್ತವೆ.

ಧ್ರುವದ ದಾರಿಗೂ ತನ್ನದೇ ಕಷ್ಟಗಳಿವೆ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನವೇ ತಣ್ಣಗಾಗುತ್ತ ಹೋಗುತ್ತದೆ. ಸಾಮಾನ್ಯ ಜೆಟ್ ಇಂಧನ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ, ಇನ್ನೊಂದು ಬಗೆಯದು ನಲವತ್ತೇಳು ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಆ ಉಷ್ಣಾಂಶದ ಮೇಲೆ ಪೈಲಟ್‌ಗಳು ಸದಾ ಕಣ್ಣಿಟ್ಟಿರಬೇಕು. ಕಾಂತಸೂಜಿ ಅಲ್ಲಿ ದಿಕ್ಕು ತೋರಿಸುವುದನ್ನು ಬಿಡುತ್ತದೆ. ತುರ್ತಿಗೆ ಇಳಿಯಲು ನಿಲ್ದಾಣಗಳು ವಿರಳ. ಇಷ್ಟನ್ನೂ ದಾಟಿ ಅವರು ಸೋಮವಾರ ಬೆಳಗಿನ ಜಾವ ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಲ್ಲಿ ಇಳಿದರು. ಶನಿವಾರ ರಾತ್ರಿ ಹೊರಟವರಿಗೆ ಭಾನುವಾರವೆಲ್ಲ ಆಕಾಶದಲ್ಲೇ ಕಳೆಯಿತು. ಬೆಂಗಳೂರಿಗೆ ಆ ದಿನ ಬಂದದ್ದು ಬರೀ ಒಂದು ವಿಮಾನವಲ್ಲ, ನಮ್ಮ ಹುಡುಗಿಯರಿಗೆ ಒಂದು ಕೆಲಸದ ಬಾಗಿಲು ಕೂಡ ಎಂದು ನಾನು ತಿಳಿದಿದ್ದೇನೆ.

ಶನಿವಾರ, ಸೋಮವಾರ ಎಂದೆನಲ್ಲ, ಇಲ್ಲಿ ಗಡಿಯಾರದ ಮಾತು ಬರುತ್ತದೆ. ಇದು ರಾಯಚೂರಿನವರಿಗೆ ಹೊಸದಾಗಬಾರದು. ಮುಂಬಯಿಯಿಂದ ಬಂದ ಜಿ.ಐ.ಪಿ. ರೈಲು ಹಾದಿಯೂ ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಾದಿಯೂ 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲೇ. ಆಗ ದೇಶಕ್ಕೆಲ್ಲ ಒಂದೇ ಸಮಯ ಇರಲಿಲ್ಲ. ಮುಂಬಯಿ ನಗರದ ಗಡಿಯಾರ ಮದರಾಸಿನದಕ್ಕಿಂತ ಅರ್ಧ ತಾಸು ಹಿಂದೆ ಇರುತ್ತಿತ್ತು. ರೈಲುಗಳು ಮದರಾಸ್ ಸಮಯದ ಮೇಲೆ ಓಡುತ್ತಿದ್ದವು. ರೈಲು ಹಿಡಿಯುವವರು ಊರ ಸಮಯವನ್ನೂ ರೈಲಿನ ಸಮಯವನ್ನೂ ಲೆಕ್ಕ ಹಾಕಿ ಮನೆ ಬಿಡಬೇಕಿತ್ತು. 1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಬಂತು. ಅದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಸಮಯ, ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ ಗೆರೆ. ನಾವು ಆ ಗೆರೆಯಿಂದ ಐದು ಡಿಗ್ರಿಗೂ ಮಿಕ್ಕಿ ಪಶ್ಚಿಮಕ್ಕಿದ್ದೇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ರಾಯಚೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ.

ವಿಮಾನದ ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ಎರಡನ್ನೂ ಸುಮ್ಮನೆ ಕಳೆದರೆ ಉತ್ತರ ತಪ್ಪು. ಬೆಂಗಳೂರಿನಿಂದ ಮಧ್ಯಾಹ್ನ ಹೊರಟವರು ಅದೇ ತಾರೀಖಿನ ಸಂಜೆ ಕ್ಯಾಲಿಫೋರ್ನಿಯಾದಲ್ಲಿ ಇಳಿದಾಗ, ಮೂರು ತಾಸಿನಲ್ಲಿ ಅಮೆರಿಕ ಮುಟ್ಟಿದ ಎಂದು ಬೆರಗಾಗುವವರಿದ್ದಾರೆ. ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲನೇ ಭಾನುವಾರದ ತನಕ ಹನ್ನೆರಡೂವರೆ. ದುಬೈ ಒಂದೂವರೆ ತಾಸು ಹಿಂದೆ, ಸೌದಿ ಅರೇಬಿಯಾ ಎರಡೂವರೆ. ಈ ನಾಲ್ಕು ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡರೆ, ನಡುರಾತ್ರಿ ಮಗಳಿಗೆ ಫೋನ್ ಮಾಡಿ ನಿದ್ದೆ ಕೆಡಿಸುವುದೂ ತಪ್ಪುತ್ತದೆ, ವಿಮಾನ ತಡವಾಯಿತೆಂದು ಎದೆ ಹೊಡೆದುಕೊಳ್ಳುವುದೂ ತಪ್ಪುತ್ತದೆ.

ಗಾಳಿ, ಗಡಿಯಾರಗಳನ್ನು ಲೆಕ್ಕಕ್ಕೆ ಹಿಡಿಯಬಹುದು. ಮನುಷ್ಯರ ಜಗಳವನ್ನು ಹಿಡಿಯಲು ಆಗುವುದಿಲ್ಲ. ಆಕಾಶಕ್ಕೂ ಗಡಿಗಳಿವೆ, ಒಂದು ದೇಶ ತನ್ನ ಮೇಲಿನ ಆಕಾಶವನ್ನು ಮುಚ್ಚಬಹುದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ, ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ತಾಸಿನ ದಾರಿ ಸುಮಾರು ಹದಿಮೂರು ತಾಸಾಯಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬೆನ್ನಿಗೆ ಪಾಕಿಸ್ತಾನದ ಆಕಾಶ ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ನೇರ ಹೋಗುತ್ತಿದ್ದ ವಿಮಾನಗಳು ದಕ್ಷಿಣಕ್ಕೆ ಬಳಸಿ, ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಂಧನಕ್ಕೆ ಇಳಿದು ಹೋಗಬೇಕಾಯಿತು. ದೂರದ ಅಂಕಿ ಒಂದು ಗೇಣೂ ಬದಲಾಗಿರಲಿಲ್ಲ.

ಇದು ಎಲ್ಲೋ ಆಕಾಶದ ಮಾತು ಎನ್ನಬೇಡಿ. ದೇವದುರ್ಗದವರಿಗೆ ಹೂವಿನಹೆಡಗಿ ಸೇತುವೆ ಗೊತ್ತು. ಕೃಷ್ಣೆಯ ಮೇಲೆ ಹಾಯ್ದು ಶಹಾಪುರ, ಕಲಬುರಗಿ ಕಡೆ ಹೋಗುವ ಹಾದಿ. ನಾರಾಯಣಪುರ ಜಲಾಶಯದಿಂದ ಹೊಳೆಗೆ ಹೆಚ್ಚು ನೀರು ಬಿಟ್ಟರೆ ಸೇತುವೆ ಮುಳುಗುತ್ತದೆ, ಬಸ್ಸು ನಿಲ್ಲುತ್ತದೆ. 2019ರ ಆಗಸ್ಟಿನ ಹೊಳೆಯನ್ನು ಯಾರೂ ಮರೆತಿಲ್ಲ. ರಾಯಚೂರಿನಿಂದ ಹೈದರಾಬಾದಿಗೆ ಹೋಗುವ ಹಾದಿಯಲ್ಲಿ ಶಕ್ತಿನಗರದ ಹತ್ತಿರ ನಿಜಾಮರ ಕಾಲದ ಹಳೆಯ ಸೇತುವೆ ಇದೆ. ಅದನ್ನು 2024ರಲ್ಲಿ ದುರಸ್ತಿಗೆ ಮುಚ್ಚಿದಾಗ ಗಾಡಿಗಳು ಸುತ್ತು ಹಾಕಿ ಹೋದವು. ಇಂಥ ದಿನಗಳಲ್ಲಿ ವಿಮಾನ ನಿಲ್ದಾಣ ನಕ್ಷೆಯಲ್ಲಿ ಇದ್ದಲ್ಲೇ ಇರುತ್ತದೆ, ನಾವು ಮಾತ್ರ ಅದರಿಂದ ದೂರವಾಗಿರುತ್ತೇವೆ.

ಹೀಗೆ ಮಾತು ನೆಲಕ್ಕೆ ಇಳಿಯಿತು, ಇಲ್ಲಿ ಸ್ವಲ್ಪ ನಿಲ್ಲಬೇಕು. ದೇವದುರ್ಗದಿಂದ ನೇರ ಗೆರೆ ಎಳೆದರೆ ಹತ್ತಿರದ ನಿಲ್ದಾಣ ಕಲಬುರಗಿ, ಸುಮಾರು ನೂರು ಕಿಲೋಮೀಟರ್. 2019ರ ನವೆಂಬರ್ 22ರಂದು ಆರಂಭವಾದದ್ದು. ಮಾನ್ವಿಯಿಂದ ಹತ್ತಿರದ್ದು ತೋರಣಗಲ್ಲಿನ ಪಕ್ಕದ ಜಿಂದಾಲ್ ವಿಜಯನಗರ ನಿಲ್ದಾಣ, ಅದೂ ಸುಮಾರು ನೂರು. ರಾಯಚೂರು ಪಟ್ಟಣದಿಂದ ಹತ್ತಿರದ್ದು ಆಂಧ್ರದ ಕರ್ನೂಲಿನ ಓರ್ವಕಲ್ಲು, 2021ರ ಮಾರ್ಚ್‌ನಲ್ಲಿ ಆರಂಭವಾದದ್ದು, ಅದೂ ನೂರರ ಆಸುಪಾಸು. ಒಂದೇ ಜಿಲ್ಲೆಯ ಮೂರು ಊರು, ಮೂರು ದಿಕ್ಕಿಗೆ ಮೂರು ನಿಲ್ದಾಣ, ಮೂರೂ ಹೆಚ್ಚುಕಡಿಮೆ ಒಂದೇ ದೂರ. ಆದರೂ ಹೊರದೇಶಕ್ಕೆ ಹೋಗುವವರು ಈ ಮೂರರತ್ತ ತಿರುಗುವುದು ಕಡಿಮೆ. ರಾಯಚೂರಿನಿಂದ ನೇರ ಗೆರೆಯಲ್ಲಿ 160 ಕಿಲೋಮೀಟರ್ ಇರುವ ಹೈದರಾಬಾದಿನ ಶಂಶಾಬಾದಿಗೆ ಹೋಗುತ್ತಾರೆ, ಇಲ್ಲವೆ ನೇರ ಗೆರೆಯಲ್ಲಿ 335 ಇರುವ ಬೆಂಗಳೂರಿಗೆ ಹೋಗುತ್ತಾರೆ. ಕಾರಣ ಸರಳ. ಸಣ್ಣ ನಿಲ್ದಾಣ ಹತ್ತಿರವಿದ್ದರೂ ಅಲ್ಲಿಂದ ಬೇಕಾದ ದಿನ, ಬೇಕಾದ ಹೊತ್ತಿಗೆ, ಬೇಕಾದ ಕಡೆಗೆ ವಿಮಾನ ಇರಬೇಕಲ್ಲ. ವಿಮಾನ ನಿಲ್ದಾಣದ ಹತ್ತಿರವನ್ನು ಅದರ ವೇಳಾಪಟ್ಟಿಯಿಂದ ಅಳೆಯಬೇಕು. ಉದ್ಘಾಟನೆಯ ಕಲ್ಲಿನಿಂದ ಅಳೆದರೆ ಮೋಸ ಹೋಗುತ್ತೇವೆ.

ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ದೇವದುರ್ಗದ ಒಬ್ಬ ಹುಡುಗನ ಪಯಣವನ್ನು ಮನೆಯ ಹೊಸ್ತಿಲಿನಿಂದ ಎಣಿಸೋಣ. ಸಂಜೆ ಊಟ ಮಾಡಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿದ. ನಾನೂರು ಕಿಲೋಮೀಟರಿಗೂ ಮೀರಿದ ರಸ್ತೆ, ಹತ್ತು ತಾಸು ಎನ್ನೋಣ. ಮೆಜೆಸ್ಟಿಕ್‌ನಲ್ಲಿ ಇಳಿದು ದೇವನಹಳ್ಳಿಯ ನಿಲ್ದಾಣಕ್ಕೆ ಹೋಗಲು, ಬೆಂಗಳೂರಿನ ದಟ್ಟಣೆ ಸೇರಿ, ಒಂದೂವರೆ ತಾಸು. ಹೊರದೇಶದ ವಿಮಾನವೆಂದರೆ ಮೂರು ತಾಸು ಮುಂಚೆ ಅಲ್ಲಿರಬೇಕು. ಆಮೇಲೆ, ನೇರ ವಿಮಾನವಾದರೆ, ಹದಿನಾರು ತಾಸು ಹಾರಾಟ. ಇಳಿದ ಮೇಲೆ ಇಮಿಗ್ರೇಷನ್, ಲಗೇಜು, ಊರು ಸೇರುವುದು ಎಂದು ಎರಡು ತಾಸು. ಒಟ್ಟು ಮೂವತ್ತೆರಡೂವರೆ. ಇದರಲ್ಲಿ ಹಾರಿದ್ದು ಅರ್ಧ ಮಾತ್ರ. ದೂರದ ಲೆಕ್ಕ ಹಿಡಿದರೆ ನೂರಕ್ಕೆ ತೊಂಬತ್ತೇಳು ಪಾಲು ದಾರಿಯನ್ನು ಆ ಅರ್ಧದಲ್ಲೇ ಕಳೆದಿದ್ದಾನೆ. ಉಳಿದ ಮೂರು ಪಾಲಿಗೆ ಉಳಿದ ಅರ್ಧ ಹೊತ್ತು ಹೋಯಿತು. ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಬಹಳ ನಾಟಿದೆ. ಬೆಂಗಳೂರು ರಾಯಚೂರಿನಿಂದ ಬಹುಮಟ್ಟಿಗೆ ನೇರ ದಕ್ಷಿಣಕ್ಕಿದೆ. ಹುಡುಗ ರಾತ್ರಿಯಿಡೀ ದಕ್ಷಿಣಕ್ಕೆ ಹೋಗುತ್ತಾನೆ. ಅವನು ಹೋಗಬೇಕಾದ ಊರಿನ ದಾರವೋ ಉತ್ತರಕ್ಕಿದೆ. ವಿಮಾನ ಆ ದಾರದ ಮೇಲೆ ಹೊರಟಿತೆಂದರೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಕಳೆದ ದಾರಿಯನ್ನು ಮುಕ್ಕಾಲು ತಾಸಿನೊಳಗೆ ಹಿಂದಕ್ಕೆ ಹಾಯ್ದು ರಾಯಚೂರಿನ ಅಕ್ಷಾಂಶ ದಾಟಿರುತ್ತದೆ.

ಕೊಲ್ಲಿ ದೇಶಗಳಿಗೆ ಹೋಗುವವರ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಮಾನ್ವಿಯಿಂದ ರಾಯಚೂರು ಹಾಯ್ದು ಶಂಶಾಬಾದ್ ಮುಟ್ಟಲು ಐದು ತಾಸು, ಅಲ್ಲಿ ಕಾಯಲು ಮೂರು ತಾಸು, ದುಬೈಗೆ ಹಾರಲು ನಾಲ್ಕು ತಾಸು. ಕೂಲಿಗೆಂದು, ಡ್ರೈವರ್ ಕೆಲಸಕ್ಕೆಂದು ಹೋಗುವವರು ಕಡಲು ದಾಟುವುದಕ್ಕಿಂತ ಹೆಚ್ಚು ಹೊತ್ತನ್ನು ಶಂಶಾಬಾದ್ ಮುಟ್ಟುವುದಕ್ಕೇ ಕೊಡುತ್ತಾರೆ. ಮಾನ್ವಿ ತಾಲೂಕಿನ ಚೀಕಲಪರವಿಯ ವಿಜಯದಾಸರು ಕಾಶಿಗೆ ಹೋಗಿಬಂದರೆಂದು ಅವರ ಚರಿತ್ರೆ ಹೇಳುತ್ತದೆ. ನಡೆದು ಹೋಗುವ ಕಾಲದಲ್ಲಿ ಎಲ್ಲ ಹೆಜ್ಜೆಯೂ ಒಂದೇ ಅಳತೆಯದಾಗಿತ್ತು. ಇಂದು ಹೈದರಾಬಾದಿನಿಂದ ಕಾಶಿಗೆ ಎರಡು ತಾಸೂ ಬೇಡ, ಚೀಕಲಪರವಿಯಿಂದ ಹೈದರಾಬಾದಿಗೆ ಅದರ ಎರಡೂವರೆ ಪಟ್ಟು ಬೇಕು.

ಪಯಣದಲ್ಲಿ ನಾವು ಕಡಿಮೆ ಮಾಡಬಹುದಾದ ತಾಸು ಎಲ್ಲಿದೆ ಎಂಬುದು ಈಗ ನಿಮಗೇ ಕಾಣುತ್ತಿರಬೇಕು. ವಿಮಾನದ ವೇಗ ಅರವತ್ತು ವರುಷದಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಭೂಮಿಯ ಸುತ್ತಳತೆಯನ್ನು ಯಾರೂ ಕಿರಿದು ಮಾಡಲಾರರು. ನಮ್ಮ ಕೈಯಲ್ಲಿರುವುದು ಮನೆಯಿಂದ ನಿಲ್ದಾಣದ ತನಕದ ತಾಸುಗಳು. ಕೆಲವು ಒಳ್ಳೆಯ ಕೆಲಸ ಆಗಿವೆ. ತೆಲಂಗಾಣದ ದೇವರಕದ್ರದಿಂದ ಕೃಷ್ಣಾ ನಿಲ್ದಾಣಕ್ಕೆ ರೈಲು ಹಾದಿ ಕೂಡಿ, 2023ರ ಅಕ್ಟೋಬರಿನಲ್ಲಿ ಹೈದರಾಬಾದಿನ ಕಾಚಿಗುಡದಿಂದ ರಾಯಚೂರಿಗೆ ಹೊಸ ದಾರಿಯಲ್ಲಿ ರೈಲು ಬಂತು. ಗಿಣಿಗೇರ-ಮಹಬೂಬನಗರ ಹಾದಿ 1997-98ರಲ್ಲಿ ಮಂಜೂರಾದದ್ದು, ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಅದು ಮಾನ್ವಿಯನ್ನು ಹಾಯ್ದು ರಾಯಚೂರಿಗೆ ಕೂಡಬೇಕು. ಒಂದು ಹಾದಿಗಾಗಿ ಒಂದು ತಲೆಮಾರು ಕಾದಿದೆ, ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ದೇವದುರ್ಗ ತಾಲೂಕಿಗಂತೂ ರಸ್ತೆಯೊಂದೇ ಗತಿ.

ರಾಯಚೂರಿನ ಪಕ್ಕದ ಯರಮರಸಿನಲ್ಲಿ ವಿಮಾನ ನಿಲ್ದಾಣದ ಯೋಜನೆ ಇದೆ. ಅದು ಬೇಗ ಪೂರ್ತಿಯಾಗಲಿ ಎಂದು ಹಾರೈಸುವವರಲ್ಲಿ ನಾನೂ ಒಬ್ಬ. ಅಲ್ಲಿಂದ ಸಣ್ಣ ವಿಮಾನ ಬೆಂಗಳೂರಿಗೆ ಒಂದೂಕಾಲು ತಾಸಿನಲ್ಲಿ ಮುಟ್ಟೀತು, ಹತ್ತು ತಾಸಿನ ರಾತ್ರಿ ಉಳಿದೀತು. ಆದರೆ ಅದರ ವೇಳೆ ಬೆಂಗಳೂರಿನಿಂದ, ಹೈದರಾಬಾದಿನಿಂದ ಹೊರಡುವ ದೊಡ್ಡ ವಿಮಾನಗಳ ವೇಳೆಗೆ ಹೊಂದಿರಬೇಕು. ಬೆಳಿಗ್ಗೆ ಒಯ್ದು ನಡುರಾತ್ರಿ ತನಕ ಕಾಯಿಸಿದರೆ ರಾತ್ರಿ ಬಸ್ಸೇ ವಾಸಿ ಎಂದು ಜನ ಅದನ್ನು ಬಿಡುತ್ತಾರೆ, ಜನ ಬಿಟ್ಟ ಮೇಲೆ ವಿಮಾನವೂ ನಿಲ್ಲುತ್ತದೆ.

ರನ್‌ವೇ ಸಿದ್ಧವಾಗುವ ತನಕ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಕೊಲ್ಲಿಯಿಂದ ಬರುವ ಬಹಳಷ್ಟು ವಿಮಾನಗಳು ಹೈದರಾಬಾದಿನಲ್ಲಿ ಇಳಿಯುವುದು ನಡುರಾತ್ರಿ, ನಸುಕಿನಲ್ಲಿ. ನಮ್ಮ ಭಾಗದ ಹಜ್ ಯಾತ್ರಿಕರು ಹೋಗಿಬರುವುದೂ ಬಹುಕಾಲದಿಂದ ಹೈದರಾಬಾದಿನ ಮೇಲೆಯೇ. ಪೆಟ್ಟಿಗೆ, ಗಂಟು ಹೊತ್ತು ಇಳಿದ ಹಿರಿಯರು ಬಾಡಿಗೆ ಕಾರಿಗೆ ಸಾವಿರಾರು ರೂಪಾಯಿ ಕೊಡಬೇಕು, ಇಲ್ಲವೆ ಬೆಳಕು ಹರಿಯುವ ತನಕ ಕಾದು ಪಟ್ಟಣದ ಬಸ್ ನಿಲ್ದಾಣಕ್ಕೆ ಹೋಗಬೇಕು. ಶಂಶಾಬಾದಿನ ಬಾಗಿಲಲ್ಲೇ ನಸುಕಿನ ನಾಲ್ಕಕ್ಕೆ, ಐದಕ್ಕೆ ನಿಂತಿದ್ದು, ಇಳಿದವರನ್ನು ಹತ್ತಿಸಿಕೊಂಡು ರಾಯಚೂರಿಗೆ ಬಂದು, ಅಲ್ಲಿಂದ ಒಂದು ಮಾನ್ವಿಗೆ, ಒಂದು ದೇವದುರ್ಗಕ್ಕೆ ಹೊರಡುವ ಬಸ್ಸುಗಳನ್ನು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ವಿಮಾನಗಳ ವೇಳಾಪಟ್ಟಿ ಮುಂದಿಟ್ಟುಕೊಂಡು ಹೊಂದಿಸಬೇಕು. ಹೋಗುವವರಿಗಾಗಿ ಸಂಜೆ ಅದೇ ಬಸ್ಸುಗಳು ಹಿಂದಿರುಗಬಹುದು. ಇದಕ್ಕೆ ಹೊಸ ರಸ್ತೆ ಬೇಡ, ಹೊಸ ಸೇತುವೆ ಬೇಡ. ಕೇಳುತ್ತಿರುವ ಗ್ರಾಮ ಪಂಚಾಯಿತಿ ಸದಸ್ಯರು, ಯುವಕ ಸಂಘದವರು ತಮ್ಮ ಊರಿನಿಂದ ಹೊರದೇಶಕ್ಕೆ ಹೋಗಿಬರುವವರು ಎಷ್ಟು ಜನ, ಯಾವ ತಿಂಗಳು, ಯಾವ ವಿಮಾನ ಎಂದು ಪಟ್ಟಿ ಮಾಡಿ, ತಮ್ಮ ಬಸ್ ಡಿಪೋದ ವ್ಯವಸ್ಥಾಪಕರ ಕೈಗೆ ಕೊಡಲಿ.